ಒಂದೇ ಕಣಿವೆ, ನೂರೆಂಟು ಲೆಕ್ಕ

ಮಂಗಳೂರು ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಸಾವು ಭೇದ ಮಾಡಲಿಲ್ಲ, ಪರಿಹಾರದ ಚೆಕ್ಕು ಮಾಡಿತು. ಎಲ್ಲರ ಜೀವವೂ ಸಮ ಎನ್ನುವ ನಾಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಕಟ್ಟುವವರು ಯಾರು? ಯಾವ ಲೆಕ್ಕದಲ್ಲಿ? ಆ ಲೆಕ್ಕ ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆಗೆ ತಪ್ಪು?

ಬೆಳಗಿನ ಆರು ದಾಟಿ ಐದು ನಿಮಿಷ. 2010ರ ಮೇ 22, ಶನಿವಾರ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ನೆಲ ಮುಟ್ಟಿತು. ಮುಟ್ಟಬೇಕಾದ ಜಾಗವನ್ನು ಅದಾಗಲೇ ಬಹಳ ಹಿಂದೆ ಬಿಟ್ಟಿತ್ತು. ಇಳಿಸಬೇಡಿ, ಮತ್ತೆ ಮೇಲೆತ್ತಿ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಿಂದ ಆಮೇಲೆ ತಿಳಿಯಿತು.

ಬಜ್ಪೆಯ ರನ್‌ವೇ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು. ತುದಿ ದಾಟಿದರೆ ಆಚೆಗೆ ಕಣಿವೆ. ಕಾಂಕ್ರೀಟ್ ಕಟ್ಟೆಯೊಂದಕ್ಕೆ ರೆಕ್ಕೆ ಬಡಿದು, ವಿಮಾನ ಕೆಂಜಾರಿನ ಕಡೆಯ ಇಳಿಜಾರಿಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಮಂದಿಯಲ್ಲಿ ಬದುಕಿ ಹೊರಬಂದವರು 8 ಜನ.

ಗಲ್ಫಿನಲ್ಲಿ ದುಡಿಯುವ ಕರಾವಳಿಯ ಮತ್ತು ಕಾಸರಗೋಡು ಸೀಮೆಯ ಜನವೇ ಅದರಲ್ಲಿ ಹೆಚ್ಚು. ಸಣ್ಣ ನೌಕರಿಯವರಿದ್ದರು, ಕಂಪನಿಯ ದೊಡ್ಡ ಹುದ್ದೆಯವರಿದ್ದರು, ಹಸುಗೂಸುಗಳಿದ್ದವು. ಬೆಂಕಿ ಇವರನ್ನು ಎಷ್ಟು ಸಮ ಮಾಡಿಬಿಟ್ಟಿತೆಂದರೆ ಡಿಎನ್‌ಎ ಪರೀಕ್ಷೆಯ ನಂತರವೂ 12 ದೇಹಗಳ ಗುರುತು ಹತ್ತಲಿಲ್ಲ. ಕೂಳೂರು–ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ ಅವರಿಗೆ ಒಟ್ಟಿಗೇ ಮಣ್ಣು ಕೊಡಲಾಯಿತು. ಪ್ರತಿ ಮೇ 22ರಂದು ಜಿಲ್ಲಾಡಳಿತ ಹೂವಿಡುವುದು ಅಲ್ಲಿಯೇ.

ಹೂವು ಎಲ್ಲರಿಗೂ ಒಂದೇ. ದುಡ್ಡಿನ ಮಾತು ಬೇರೆ.

ಸಂಬಳದ ಚೀಟಿ ತೋರಿಸಿ

ಮೊದಲು ಘೋಷಣೆಯಾದ ಮಧ್ಯಂತರ ಪರಿಹಾರ ಸರಳವಾಗಿತ್ತು. 12 ವರ್ಷ ದಾಟಿದವರಿಗೆ 10 ಲಕ್ಷ ರೂಪಾಯಿ, ಅದಕ್ಕಿಂತ ಚಿಕ್ಕವರಿಗೆ 5 ಲಕ್ಷ. ಅಂತಿಮ ಪರಿಹಾರದ ಮಾತುಕತೆ ಶುರುವಾದಾಗ ಮೇಜಿನ ಮೇಲೆ ಬಂದದ್ದು ಬೇರೆ ಕಾಗದಗಳು: ಸಂಬಳದ ಚೀಟಿ, ನೇಮಕಾತಿ ಪತ್ರ, ಜನ್ಮ ದಿನಾಂಕ, ಅವಲಂಬಿತರ ಪಟ್ಟಿ.

ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 2009ರಲ್ಲಿ, ದುರಂತಕ್ಕೆ ಒಂದು ವರ್ಷ ಮೊದಲು. ಅದರ ಪ್ರಕಾರ ಒಂದು ಮಿತಿಯವರೆಗಿನ ನಷ್ಟಕ್ಕೆ ತಪ್ಪು ನಮ್ಮದಲ್ಲ ಎಂದು ವಿಮಾನ ಸಂಸ್ಥೆ ಜಾರಿಕೊಳ್ಳುವಂತಿಲ್ಲ. ಆಗಿನ ಲೆಕ್ಕದಲ್ಲಿ ಆ ಮಿತಿ ಸುಮಾರು 75 ಲಕ್ಷ ರೂಪಾಯಿ. ಅಂದರೆ ಸತ್ತ ಪ್ರತಿಯೊಬ್ಬರಿಗೂ ಕನಿಷ್ಠ ಅಷ್ಟು ಕೊಡಲೇಬೇಕೆ? ಮಗನನ್ನು ಕಳೆದುಕೊಂಡ ಕಾಸರಗೋಡಿನ ಕುಟುಂಬವೊಂದು ಕೇರಳ ಹೈಕೋರ್ಟಿಗೆ ಒಯ್ದದ್ದು ಈ ಪ್ರಶ್ನೆಯನ್ನು.

ಕೊಡಲೇಬೇಕು ಎಂದಿತು 2011ರಲ್ಲಿ ಏಕಸದಸ್ಯ ಪೀಠ. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಮಿತಿ ಎಂದರೆ ಕನಿಷ್ಠ ಮೊತ್ತವಲ್ಲ, ಎಷ್ಟು ನಷ್ಟವಾಯಿತು ಎಂಬುದನ್ನು ಆಯಾ ಕುಟುಂಬವೇ ಸಾಬೀತು ಮಾಡಬೇಕು ಎಂಬುದು ಅದರ ನಿಲುವು.

ಲೆಕ್ಕದ ಇನ್ನೊಂದು ತುದಿ ಕಂಡದ್ದು 2020ರ ಮೇ ತಿಂಗಳಲ್ಲಿ. ಕೊಲ್ಲಿಯ ಕಂಪನಿಯೊಂದರ ಪ್ರಾದೇಶಿಕ ನಿರ್ದೇಶಕರಾಗಿದ್ದ 45 ವರ್ಷದ ಪ್ರಯಾಣಿಕರೊಬ್ಬರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ನಿಗದಿ ಮಾಡಿತು. ಸಂಬಳದ ಜೊತೆಗಿನ ಭತ್ಯೆಗಳನ್ನು ಆದಾಯವೆಂದು ಹಿಡಿಯಬೇಕೆ ಎಂಬುದು ಅಲ್ಲಿ ಮುಖ್ಯ ವಾದಗಳಲ್ಲೊಂದು.

ಅದೇ ವಿಮಾನ, ಅದೇ ಬೆಂಕಿ. ಒಂದು ಮನೆಗೆ ಲಕ್ಷಗಳು, ಇನ್ನೊಂದಕ್ಕೆ ಕೋಟಿಗಳು. ಕೇಳಿದವರಿಗೆ ಮೈ ಉರಿಯುವುದು ಸಹಜ. ಆದರೆ ನ್ಯಾಯಾಧೀಶರು ಇಲ್ಲಿ ಮಾಡುತ್ತಿರುವುದು ಏನೆಂದು ನೋಡದೆ ತೀರ್ಪು ಕೊಟ್ಟುಬಿಡಬಾರದು.

> ಲೆಕ್ಕ ಹೀಗೆ ನಡೆಯುತ್ತದೆ
>
> ರಸ್ತೆ ಅಪಘಾತದಲ್ಲಿ ಸತ್ತ, 30 ವರ್ಷದ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಹೆಂಡತಿ, ಎರಡು ಮಕ್ಕಳು, ತಾಯಿ.
>
> ಕೂಲಿಯವನು: ತಿಂಗಳಿಗೆ 15,000 ರೂ. ಭವಿಷ್ಯದ ಏರಿಕೆ ಎಂದು ಶೇ 40 ಸೇರಿಸಿದರೆ 21,000. ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1.89 ಲಕ್ಷ. ಆ ವಯಸ್ಸಿನ ಗುಣಕ 17. ಒಟ್ಟು 32.13 ಲಕ್ಷ.
>
> ಕಾಯಂ ನೌಕರಿಯ ಎಂಜಿನಿಯರ್: ತೆರಿಗೆ ಕಳೆದು 1.5 ಲಕ್ಷ ರೂ. ಏರಿಕೆ ಶೇ 50 ಸೇರಿ 2.25 ಲಕ್ಷ. ಕಾಲು ಭಾಗ ಕಳೆದು 1,68,750. ವರ್ಷಕ್ಕೆ 20.25 ಲಕ್ಷ. ಗುಣಕ ಅದೇ 17. ಒಟ್ಟು 3.44 ಕೋಟಿ.
>
> ಗುಣಕದ ಪಟ್ಟಿ ಬಂದದ್ದು 2009ರ ಸರಳಾ ವರ್ಮಾ ತೀರ್ಪಿನಿಂದ, ಏರಿಕೆಯ ಶೇಕಡಾವಾರು 2017ರ ಪ್ರಣಯ್ ಸೇಠಿ ತೀರ್ಪಿನಿಂದ.

ಕೋರ್ಟು ತೂಗುವುದು ಏನನ್ನು?

ನಮ್ಮ ಮೋಟಾರು ಅಪಘಾತ ಪರಿಹಾರದ (ಎಂವಿಸಿ) ಕೇಸುಗಳಲ್ಲಿ ದಿನಾ ನಡೆಯುವ ಗಣಿತ ಇದು. ಇಲ್ಲಿ ತೂಗುತ್ತಿರುವುದು ಸತ್ತವನ ಜೀವವನ್ನಲ್ಲ, ಬದುಕಿರುವವರ ಮನೆಗೆ ನಿಂತುಹೋದ ದುಡಿಮೆಯನ್ನು. ಗಂಡನ ಸಂಬಳ ನಂಬಿ ಮನೆ ಸಾಲ ಮಾಡಿದ ಹೆಂಗಸಿಗೆ, ಎಲ್ಲರಿಗೂ ಸಮ ಎಂದು 10 ಲಕ್ಷ ಕೊಟ್ಟು ಕೈತೊಳೆದುಕೊಂಡರೆ ಅದೂ ನ್ಯಾಯವಾಗುವುದಿಲ್ಲ. ಕಳೆದುಕೊಂಡಷ್ಟನ್ನು ತುಂಬಿಕೊಡುವುದು ಎಂದಮೇಲೆ, ಹೆಚ್ಚು ಕಳೆದುಕೊಂಡವರಿಗೆ ಹೆಚ್ಚು ಹೋಗುತ್ತದೆ. ಇಷ್ಟರವರೆಗೆ ತರ್ಕ ಗಟ್ಟಿಯಾಗಿಯೇ ಇದೆ.

ತೊಡಕು ಬರುವುದು ಎರಡು ಕಡೆ.

ಮೊದಲನೆಯದು ಪುರಾವೆ. ಗಾರೆ ಕೆಲಸದ ಮೇಸ್ತ್ರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆದಾಯಕ್ಕೆ ದಾಖಲೆ ಇಲ್ಲದವರಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯೊಂದಿದೆ. ಅಪಘಾತವಾದ ವರ್ಷ ಯಾವುದೋ, ಆ ವರ್ಷಕ್ಕೆ ಇಂತಿಷ್ಟು ಎಂಬ ಅಂದಾಜು ಆದಾಯ ಅದರಲ್ಲಿರುತ್ತದೆ. ನ್ಯಾಯಾಲಯಗಳು ಅದನ್ನೇ ಆಧರಿಸುವುದು ವಾಡಿಕೆ. ಮೇಸ್ತ್ರಿ ಅದಕ್ಕಿಂತ ಎಷ್ಟೇ ಹೆಚ್ಚು ದುಡಿಯುತ್ತಿದ್ದರೂ ಕಾಗದವಿಲ್ಲದಿದ್ದರೆ ಪಟ್ಟಿಯ ಅಂಕಿಯೇ ಗತಿ. ಬಡವ ಬದುಕಿದ್ದಾಗ ಕಡಿಮೆ ಗಳಿಸಿದ್ದು ಸಾಲದೆಂಬಂತೆ, ಗಳಿಸಿದ್ದೂ ಸತ್ತ ಮೇಲೆ ಲೆಕ್ಕಕ್ಕೆ ಸಿಗುವುದಿಲ್ಲ.

ಎರಡನೆಯದು, ಲೆಕ್ಕದ ಕೊನೆಯಲ್ಲಿ ಬರುವ ಸಣ್ಣ ಸಾಲುಗಳು. ಆದಾಯದ ಹಂಗಿಲ್ಲದೆ ಎಲ್ಲರಿಗೂ ಸಮವಾಗಿ ಸಿಗುವ ಭಾಗ ಒಂದಿದೆ. ಪ್ರಣಯ್ ಸೇಠಿ ತೀರ್ಪಿನಂತೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಾಂಗತ್ಯ ನಷ್ಟಕ್ಕೆ 40,000 ರೂಪಾಯಿ. ಮೂರು ವರ್ಷಕ್ಕೊಮ್ಮೆ ಇದು ಶೇ 10ರಷ್ಟು ಏರುತ್ತದೆ. ಹೆಂಡತಿಗಷ್ಟೇ ಅಲ್ಲ, ಮಕ್ಕಳಿಗೂ ತಂದೆ ತಾಯಿಗೂ ಸಾಂಗತ್ಯದ ಹಕ್ಕಿದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೇಲಿನ ಉದಾಹರಣೆಯ ಎರಡೂ ಮನೆಗಳಿಗೆ ಈ ಬಾಬ್ತಿನಲ್ಲಿ ಬರುವುದು ಮೂಲ ದರದಲ್ಲಿ 1.9 ಲಕ್ಷ ರೂಪಾಯಿ.

ಅಪ್ಪ ಇಲ್ಲವಾದ, ಮಗ ಬಾರದೇ ಹೋದ ದುಃಖಕ್ಕೆ ಕಾನೂನು ಕೊಡುವುದು ಇಷ್ಟು. ಕೂಲಿಯವನಿಗೂ ಎಂಜಿನಿಯರನಿಗೂ ಒಂದು ಪೈಸೆ ವ್ಯತ್ಯಾಸವಿಲ್ಲ. ಎಲ್ಲ ಜೀವವೂ ಸಮ ಎಂಬ ತತ್ವ ನಮ್ಮ ಕೋರ್ಟುಗಳಲ್ಲಿ ಖಂಡಿತ ಇದೆ. ಅದಕ್ಕೆ ಕೊಟ್ಟಿರುವ ಜಾಗ ಮಾತ್ರ ಮೂಲ ದರದಲ್ಲಿ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ.

> ಮನೆಯಾಕೆಯ ಸಂಬಳ ಎಷ್ಟು?
>
> ಸಂಪಾದಿಸದ ವ್ಯಕ್ತಿಯ ಅಂದಾಜು ಆದಾಯ ವರ್ಷಕ್ಕೆ 15,000 ರೂ. ಎಂದು ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿದ ಅನುಸೂಚಿ ಹೇಳುತ್ತಿತ್ತು. ಸಂಪಾದನೆ ಇಲ್ಲದ ಪತ್ನಿಗೆ ಗಂಡನ ಆದಾಯದ ಮೂರನೇ ಒಂದು ಭಾಗ. ಅಂದರೆ ಶ್ರೀಮಂತನ ಹೆಂಡತಿಯ ಅಡುಗೆಗೆ ಹೆಚ್ಚು ಬೆಲೆ, ಬಡವನ ಹೆಂಡತಿಯದಕ್ಕೆ ಕಡಿಮೆ!
>
> ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಉತ್ಪಾದಕರಲ್ಲದವರ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಖಂಡಿಸಿತು. 2021ರ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಸಮಯ ಬಳಕೆ ಸಮೀಕ್ಷೆಯನ್ನೇ ಎತ್ತಿ ತೋರಿಸಿದರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ, ಗಂಡಸರು ಕೊಡುವುದು 97 ನಿಮಿಷ.

ಬಾಲ್ಕನಿ ಟಿಕೆಟ್ಟಿನ ಶ್ರೀಮಂತರು

ಆದಾಯ ಗೊತ್ತಿಲ್ಲದಿದ್ದರೆ ಊಹಿಸುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರದ ಕೇಸು ನೋಡಬೇಕು. 1997ರ ಜೂನ್ 13ರಂದು ಹೊಗೆ ತುಂಬಿದ ಬಾಲ್ಕನಿಯಿಂದ ಹೊರಬರಲಾಗದೆ 59 ಮಂದಿ ಸತ್ತರು. ದೆಹಲಿ ಹೈಕೋರ್ಟ್ ಪರಿಹಾರ ನಿಗದಿ ಮಾಡುವಾಗ, ಬಾಲ್ಕನಿ ಟಿಕೆಟ್ ಕೊಂಡವರು ತಿಂಗಳಿಗೆ 15,000 ರೂಪಾಯಿಗೆ ಕಡಿಮೆ ಇಲ್ಲದಂತೆ ಸಂಪಾದಿಸುತ್ತಿದ್ದಿರಬೇಕು ಎಂದು ಭಾವಿಸಿತು. 20 ವರ್ಷ ದಾಟಿದವರಿಗೆ 18 ಲಕ್ಷ, ಕೆಳಗಿನವರಿಗೆ 15 ಲಕ್ಷ ಎಂದಿತು.

2011ರಲ್ಲಿ ಸುಪ್ರೀಂ ಕೋರ್ಟ್ ಈ ಊಹೆಯನ್ನು ಒಪ್ಪಲಿಲ್ಲ. ಎಲ್ಲರಿಗೂ ಅನ್ವಯಿಸುವ ಸಾರಾಸಗಟು ಪರಿಹಾರವೆಂದು ಮೊತ್ತವನ್ನು 10 ಲಕ್ಷ ಮತ್ತು 7.5 ಲಕ್ಷಕ್ಕೆ ಇಳಿಸಿತು. ಹೆಚ್ಚು ಬೇಕೆನ್ನುವವರು ಸಿವಿಲ್ ಕೋರ್ಟಿನಲ್ಲಿ ನಷ್ಟ ಸಾಬೀತು ಮಾಡಲಿ ಎಂಬ ದಾರಿಯನ್ನೂ ತೋರಿಸಿತು.

ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಬೆಂಗಳೂರಿನಲ್ಲಿ ವಕೀಲಿಕೆ ಮಾಡಿ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಅದಕ್ಕೆ ಎರಡು ವರ್ಷ ಮೊದಲು ಸರಳಾ ವರ್ಮಾ ತೀರ್ಪಿನಲ್ಲಿ ಗುಣಕದ ಪಟ್ಟಿ ಕೊಟ್ಟ ಪೀಠದಲ್ಲಿದ್ದವರೂ ಅವರೇ. ಒಂದು ಕಡೆ ಆದಾಯಕ್ಕೆ ತಕ್ಕ ಲೆಕ್ಕ, ಇನ್ನೊಂದು ಕಡೆ ಎಲ್ಲರಿಗೂ ಒಂದೇ ಲೆಕ್ಕ. ಇಬ್ಬಗೆಯ ನೀತಿಯಂತೆ ಕಂಡರೂ ಇವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಮನೆಯ ನಷ್ಟ ಎಷ್ಟು ಎಂಬುದು ಒಂದು. ಜನರ ಜೀವ ಕಾಯಬೇಕಾದ ವ್ಯವಸ್ಥೆ ಕೈಬಿಟ್ಟಿತಲ್ಲ, ಅದಕ್ಕೆ ತೆರಬೇಕಾದ್ದೇನು ಎಂಬುದು ಇನ್ನೊಂದು. ಎರಡನೆಯದಕ್ಕೆ ಸಂಬಳದ ಚೀಟಿ ಬೇಕಿಲ್ಲ.

> ಎಲ್ಲರಿಗೂ ಒಂದೇ
>
> ರೈಲು ಅಪಘಾತ: ಸಾವಿಗೆ 8 ಲಕ್ಷ ರೂ. (2017ರಿಂದ). ಎಸಿ ಫಸ್ಟ್ ಕ್ಲಾಸಿನವರಿಗೂ ಜನರಲ್ ಬೋಗಿಯವರಿಗೂ ಅಷ್ಟೇ.
>
> ಗುದ್ದಿ ಪರಾರಿಯಾದ ವಾಹನ: ಸಾವಿಗೆ 2 ಲಕ್ಷ ರೂ. (2022ರ ಏಪ್ರಿಲ್‌ನಿಂದ). ಮೊದಲು ಇದ್ದದ್ದು 25,000.
>
> ಮ್ಯಾನ್‌ಹೋಲ್ ಸಾವು: 30 ಲಕ್ಷ ರೂ. (2023ರ ಸುಪ್ರೀಂ ಕೋರ್ಟ್ ತೀರ್ಪು). ಮೊದಲು 10 ಲಕ್ಷ.
>
> ಅಹಮದಾಬಾದ್ ವಿಮಾನ ದುರಂತ, 2025ರ ಜೂನ್ 12: ಸತ್ತವರ ಕುಟುಂಬಗಳಿಗೆ ತಲಾ 1 ಕೋಟಿ ರೂ. ಎಂದು ಟಾಟಾ ಸಮೂಹ ಘೋಷಿಸಿತು. ಇದು ಕಾನೂನಿನ ಪರಿಹಾರಕ್ಕೆ ಹೊರತಾದದ್ದು.

ಐದಾರು ಮಹಡಿಗಳ ಅಂತರ

ಈ ಇಕ್ಕಟ್ಟಿನಲ್ಲಿ ಬಹುಕಾಲ ಸಿಲುಕಿ ಮನಸ್ಸು ಬದಲಾಯಿಸಿದ ಒಬ್ಬ ಮನುಷ್ಯ ಅಮೆರಿಕದ ವಕೀಲ ಕೆನೆತ್ ಫೈನ್‌ಬರ್ಗ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿನ ಸಂಸತ್ತು ಪರಿಹಾರ ನಿಧಿ ಸ್ಥಾಪಿಸಿತು. ಹಣ ಪಡೆದವರು ವಿಮಾನ ಸಂಸ್ಥೆಗಳ ಮೇಲೆ ದಾವೆ ಹೂಡುವಂತಿಲ್ಲ ಎಂಬುದು ಷರತ್ತು. ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಕೆಲಸ ಫೈನ್‌ಬರ್ಗ್ ಹೆಗಲಿಗೆ ಬಿತ್ತು. ಸಂಬಳ ತೆಗೆದುಕೊಳ್ಳದೆ ಅವರು ಅದನ್ನು ಮಾಡಿದರು.

ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದ 101ರಿಂದ 105ನೇ ಮಹಡಿಯವರೆಗೆ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಬಾಂಡ್ ವಹಿವಾಟಿನ ಸಂಸ್ಥೆ. ಅಲ್ಲಿನ 658 ಸಿಬ್ಬಂದಿ ಸತ್ತರು. ಅದರ ಮೇಲೆಯೇ, 106 ಮತ್ತು 107ರಲ್ಲಿ 'ವಿಂಡೋಸ್ ಆನ್ ದಿ ವರ್ಲ್ಡ್' ಹೋಟೆಲು. ಅಡುಗೆಯವರು, ಮಾಣಿಗಳು, ಪಾತ್ರೆ ತೊಳೆಯುವವರು ಸೇರಿ 70ಕ್ಕೂ ಹೆಚ್ಚು ಕೆಲಸಗಾರರು ಹೋದರು. ಕೆಲವೇ ಮೆಟ್ಟಿಲುಗಳ ಅಂತರದಲ್ಲಿ, ಒಂದೇ ಹೊಗೆಯಲ್ಲಿ.

ಆದಾಯ ನಷ್ಟವನ್ನು ಪರಿಗಣಿಸಬೇಕೆಂದು ಕಾನೂನೇ ಹೇಳಿತ್ತು. ಫೈನ್‌ಬರ್ಗ್ ನೋವಿನ ಬಾಬ್ತನ್ನು ಎಲ್ಲರಿಗೂ ಸಮ ಮಾಡಿದರು: ಪ್ರತಿ ಸಾವಿಗೆ 2.5 ಲಕ್ಷ ಡಾಲರ್, ಪತಿ ಅಥವಾ ಪತ್ನಿಗೆ ಮತ್ತು ಪ್ರತಿ ಅವಲಂಬಿತರಿಗೆ ತಲಾ 1 ಲಕ್ಷ. ಅದರ ಮೇಲೆ ಆದಾಯದ ಲೆಕ್ಕ. ಕೊನೆಗೆ ಒಂದು ಮನೆಗೆ ಕನಿಷ್ಠ 2.5 ಲಕ್ಷ ಡಾಲರ್, ಇನ್ನೊಂದಕ್ಕೆ 70 ಲಕ್ಷಕ್ಕೂ ಮೇಲೆ. ಸತ್ತವರ ಕುಟುಂಬಗಳಲ್ಲಿ ಶೇ 97ರಷ್ಟು ನಿಧಿಗೆ ಒಪ್ಪಿದವು. ನನ್ನ ಮಗ ಅಗ್ನಿಶಾಮಕ ದಳದವನು, ಬ್ಯಾಂಕಿನವನಿಗಿಂತ ಅವನೇಕೆ ಕಡಿಮೆ ಎಂಬಂಥ ಪ್ರಶ್ನೆಗಳಿಗೆ ಕುಟುಂಬಗಳ ಮುಂದೆ ಕುಳಿತು ಉತ್ತರ ಹೇಳಬೇಕಾಗಿ ಬಂದದ್ದು ಅವರಿಗೇ.

ಇನ್ನೊಮ್ಮೆ ಇಂಥ ನಿಧಿ ಮಾಡುವುದಾದರೆ ಎಲ್ಲರಿಗೂ ಒಂದೇ ಮೊತ್ತ ಕೊಡಬೇಕು ಎಂಬ ನಿಲುವಿಗೆ ಅವರು ಆಮೇಲೆ ಬಂದರು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಗುಂಡಿಗೆ ಬಲಿಯಾದಾಗ, ಜನ ಕೊಟ್ಟ ದೇಣಿಗೆಯನ್ನು ಹಂಚಲು ಅವರನ್ನೇ ಕರೆದರು. ಪ್ರಾಧ್ಯಾಪಕರ ಕುಟುಂಬಕ್ಕೂ ವಿದ್ಯಾರ್ಥಿಯ ಕುಟುಂಬಕ್ಕೂ ಅವರು ಕೊಟ್ಟದ್ದು ಒಂದೇ ಮೊತ್ತ.

> ಹಸು, ಗದ್ದೆ, ಶಿಲ್ಲಿಂಗ್
>
> ಬೆಲೆ ಕಟ್ಟುವ ಚಾಳಿ ಹಳೆಯದು. ಕ್ಷತ್ರಿಯನನ್ನು ಕೊಂದರೆ ಸಾವಿರ ಹಸು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು ಎನ್ನುತ್ತದೆ ಬೌಧಾಯನ ಧರ್ಮಸೂತ್ರ. ಹಳೆಯ ಇಂಗ್ಲೆಂಡಿನಲ್ಲಿ ಗಣ್ಯನ ತಲೆಗೆ 1,200 ಶಿಲ್ಲಿಂಗ್, ಸಾಮಾನ್ಯನಿಗೆ 200.
>
> ಕನ್ನಡ ನಾಡಿನಲ್ಲಿ ತುರುಗಾಳಗದಲ್ಲೋ ಊರ ಕಾಳಗದಲ್ಲೋ ಮಡಿದವನ ಮನೆಗೆ ಭೂಮಿ ಬಿಟ್ಟುಕೊಡುವ ಪದ್ಧತಿಯಿತ್ತು. ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಅದು ಶಾಸನಗಳಲ್ಲಿ ಸಿಗುತ್ತದೆ.

ಸಾಯುವ ಮೊದಲಿನ ಲೆಕ್ಕ

ಇಷ್ಟು ಹೊತ್ತು ಆಡಿದ್ದೆಲ್ಲ ಸತ್ತ ಮೇಲಿನ ಮಾತು. ಜೀವಕ್ಕೆ ಬೆಲೆ ಕಟ್ಟುವ ಇನ್ನೊಂದು ಜಾಗವಿದೆ. ಅಲ್ಲಿ ಹೆಣ ಕಾಣುವುದಿಲ್ಲ, ಅಂದಾಜುಪಟ್ಟಿ ಮಾತ್ರ ಕಾಣುತ್ತದೆ. ಈ ತಿರುವಿಗೆ ತಡೆಗೋಡೆ ಬೇಕೆ? ಈ ಕಾರ್ಖಾನೆಯ ಹೊಗೆಗೆ ಫಿಲ್ಟರ್ ಹಾಕಿಸಬೇಕೆ? ಖರ್ಚಿಗೆ ತಕ್ಕ ಫಲ ಇದೆಯೇ ಎಂದು ನೋಡಲು, ಉಳಿಯುವ ಜೀವಕ್ಕೆ ಒಂದು ಅಂಕಿ ಇಡುತ್ತಾರೆ.

1995ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಾಗಿ ಅರ್ಥಶಾಸ್ತ್ರಜ್ಞರು ಇಂಥ ಲೆಕ್ಕ ಹಾಕಿದ್ದರು. ಶ್ರೀಮಂತ ದೇಶದವರ ಒಂದು ಜೀವಕ್ಕೆ ಸುಮಾರು 15 ಲಕ್ಷ ಡಾಲರ್, ಬಡ ದೇಶದವರ ಜೀವಕ್ಕೆ 1 ಲಕ್ಷದ ಆಸುಪಾಸು. ಹೊಗೆ ಬಿಟ್ಟವರು ಅವರು, ಮುಳುಗುವವರು ಇವರು, ಮುಳುಗುವವರ ಜೀವವೇ ಅಗ್ಗ! ಆಗ ಪರಿಸರ ಸಚಿವರಾಗಿದ್ದ ಕಮಲ್‌ನಾಥ್ ಭಾರತದ ಪರವಾಗಿ ಪ್ರತಿಭಟಿಸಿದರು. ಅರ್ಥಶಾಸ್ತ್ರಜ್ಞರ ಸಮರ್ಥನೆ ಸರಳವಾಗಿತ್ತು: ಅಪಾಯ ತಪ್ಪಿಸಿಕೊಳ್ಳಲು ಯಾರು ಎಷ್ಟು ಖರ್ಚು ಮಾಡಬಲ್ಲರು ಎಂಬುದಷ್ಟೇ ಈ ಅಂಕಿ. ಬಡವನ ಜೇಬು ಖಾಲಿ ಇರುವುದನ್ನೇ ಅವನಿಗೆ ಬದುಕುವ ಆಸೆ ಕಡಿಮೆ ಎಂದು ಓದಿದ ಹಾಗಾಯಿತು ಇದು.

ಆ ಶ್ರೀಮಂತ ದೇಶಗಳಲ್ಲೊಂದಾದ ಅಮೆರಿಕ ತನ್ನೊಳಗೆ ಈ ತಪ್ಪು ಮಾಡುವುದಿಲ್ಲ. ಅಲ್ಲಿನ ಸಾರಿಗೆ ಇಲಾಖೆ ರಸ್ತೆ ಸುರಕ್ಷತೆಯ ಖರ್ಚು ಅಳೆಯಲು ಇಡೀ ದೇಶಕ್ಕೆ ಒಂದೇ ಅಂಕಿ ಬಳಸುತ್ತದೆ. 2023ರಲ್ಲಿ ಅದು 1.32 ಕೋಟಿ ಡಾಲರ್. ಆ ರಸ್ತೆಯಲ್ಲಿ ಓಡಾಡುವವರು ಸಿರಿವಂತರೋ ಕೂಲಿಗಳೋ ಎಂದು ಕೇಳುವಂತಿಲ್ಲ. ಪರಿಸರ ಸಂಸ್ಥೆಯ ಒಂದು ವಿಶ್ಲೇಷಣೆಯಲ್ಲಿ 70 ದಾಟಿದವರ ಜೀವಕ್ಕೆ ಶೇ 37ರಷ್ಟು ಕಡಿಮೆ ಬೆಲೆ ಇಟ್ಟದ್ದು 2003ರಲ್ಲಿ ಹೊರಬಿದ್ದಾಗ, ಹಿರಿಯ ನಾಗರಿಕರು ಎದ್ದು ನಿಂತರು. ಸಂಸ್ಥೆ ಆ ಲೆಕ್ಕ ಕೈಬಿಟ್ಟಿತು.

ಸತ್ತ ಮೇಲೆ ಆದಾಯ ಕೇಳುವುದಕ್ಕೆ ಒಂದು ಕಾರಣವಿದೆ. ಸಾಯದಂತೆ ನೋಡಿಕೊಳ್ಳುವಾಗ ಕೇಳಲು ಯಾವ ಕಾರಣವೂ ಇಲ್ಲ. ಅಮೆರಿಕದ ಅಧಿಕಾರಿಗಳೂ ಒಪ್ಪಿದ ಈ ಸರಳ ಮಾತು ನಮ್ಮ ಬೀದಿಗಳಲ್ಲಿ ಕಾಣುವುದಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು, ಶೇ 19.5ರಷ್ಟು ನಡೆದು ಹೋಗುತ್ತಿದ್ದವರು. ಮೇಲ್ಸೇತುವೆಗೆ ಮೊದಲು ಹಣ ಸಿಗುತ್ತದೆ, ಫುಟ್‌ಪಾತಿಗೆ ಉಳಿದರೆ ಸಿಗುತ್ತದೆ. ಯಾವ ಆದೇಶದಲ್ಲೂ ನಡೆಯುವವನ ಜೀವ ಅಗ್ಗ ಎಂದು ಬರೆದಿಲ್ಲ. ಬರೆಯಬೇಕಾದ ಅಗತ್ಯವೂ ಬಂದಿಲ್ಲ.

ಮ್ಯಾನ್‌ಹೋಲಿನ ಕಥೆ ಇನ್ನೂ ನೇರ. ಸುರಕ್ಷತಾ ಸಾಧನಗಳಿಲ್ಲದೆ ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾಯ್ದೆ ಹೇಳಿದೆ. ಕೆಜಿಎಫ್‌ನ ಬೆಜವಾಡ ವಿಲ್ಸನ್ ಮತ್ತವರ ಸಫಾಯಿ ಕರ್ಮಚಾರಿ ಆಂದೋಲನ ಇದಕ್ಕಾಗಿ ದಶಕಗಳಿಂದ ಬಡಿದಾಡಿದೆ. ಅವರದೇ ಅರ್ಜಿಯ ಮೇಲೆ 2014ರಲ್ಲಿ ಬಂದ ತೀರ್ಪು 10 ಲಕ್ಷ ನಿಗದಿ ಮಾಡಿತು. 2023ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿಗಳಾದ ರವೀಂದ್ರ ಭಟ್ ಮತ್ತು ಕರ್ನಾಟಕದವರೇ ಆದ ಅರವಿಂದ ಕುಮಾರ್ ಅದನ್ನು 30 ಲಕ್ಷಕ್ಕೆ ಏರಿಸಿದರು. ಪಾಠ ಸ್ಪಷ್ಟವಿದೆ. ಸಾವು ಅಗ್ಗವಾಗಿರುವವರೆಗೆ ಹಗ್ಗ, ಬಕೆಟ್ಟು, ಬರಿಗೈ ಸಾಕು. ಸಾವು ದುಬಾರಿಯಾದಾಗ ಗುತ್ತಿಗೆದಾರನಿಗೆ ಜೆಟ್ಟಿಂಗ್ ಯಂತ್ರ ನೆನಪಾಗುತ್ತದೆ.

ಬಜ್ಪೆಯ ಅನುಭವವೂ ಇದನ್ನೇ ಹೇಳುತ್ತದೆ. ರನ್‌ವೇ ದಾಟುವ ವಿಮಾನವನ್ನು ಹಿಡಿದು ನಿಲ್ಲಿಸಬಲ್ಲ ಮೆದು ಹಾಸಿನ ವ್ಯವಸ್ಥೆ ಜಗತ್ತಿನಲ್ಲಿ ಇದೆ. 2010ರ ನಂತರ ಅದರ ಚರ್ಚೆ ನಮ್ಮಲ್ಲೂ ನಡೆಯಿತು. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಅಂಥದ್ದೇ ಗುಡ್ಡದ ಮೇಲಿನ ಕೋಯಿಕ್ಕೋಡ್ ರನ್‌ವೇಯಿಂದ ಅದೇ ಸಂಸ್ಥೆಯ ಇನ್ನೊಂದು ವಿಮಾನ ಕೆಳಗುರುಳಿ 21 ಜನ ಸತ್ತರು. ಅಲ್ಲಿ ಆ ಹಾಸು ಇರಲಿಲ್ಲ.

ಹಾಗಾಗಿ ಎಲ್ಲ ಜೀವಕ್ಕೂ ಸಮ ಬೆಲೆಯೇ ಎಂಬ ಪ್ರಶ್ನೆಗೆ ಹೌದು ಎಂದು ಹೇಳಿ ಕೈಮುಗಿದರೆ ಸಾಲದು. ಆ ಹೌದು ಎಲ್ಲಿ ಕಾಣಬೇಕು ಎಂದೂ ಹೇಳಬೇಕು. ಪರಿಹಾರದಲ್ಲಿ ಆದಾಯದ ಲೆಕ್ಕ ಉಳಿಯಲಿ. ಅದರ ಪಕ್ಕದಲ್ಲಿರುವ ಸಮಪಾಲು ಮಾತ್ರ ನೆಪಮಾತ್ರಕ್ಕೆ ಇರದೆ, ತಪ್ಪು ಮಾಡಿದವರ ಕೈ ಸುಡುವಷ್ಟು ದೊಡ್ಡದಾಗಲಿ. ಕೂಲಿಯವನ ಸಾವಿಗೂ ನಿರ್ದೇಶಕನ ಸಾವಿಗೂ ಆ ಭಾಗ ಒಂದೇ ಇರಲಿ. ಫುಟ್‌ಪಾತು, ಚರಂಡಿ, ರನ್‌ವೇಯ ಅಂದಾಜುಪಟ್ಟಿ ಬರೆಯುವಾಗ ಒಂದು ಜೀವಕ್ಕೆ ಎಷ್ಟು ಹಿಡಿದಿದ್ದೀರಿ ಎಂಬ ಅಂಕಿಯನ್ನು ಸರ್ಕಾರ ಬಹಿರಂಗವಾಗಿ ಹೇಳಲಿ. ಹೇಳಲು ನಾಚಿಕೆಯಾಗುವಷ್ಟು ಸಣ್ಣ ಅಂಕಿಯಾದರೆ, ತಿದ್ದಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.